ಮುಚ್ಚಳದ ಒಳಗಿನ ಹೆಸರುಗಳು

ಓನರ್ ಆಂಟಿಯ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳ ಹಾಗಿರಲಿಲ್ಲ. ಅದನ್ನು ಅವರು ಕತ್ತರಿಸುತ್ತಿರಲಿಲ್ಲ. ದಪ್ಪಗೆ ಬೆಳೆದು, ಹಳದಿ ತಿರುಗಿ, ತುದಿ ನುಣ್ಣಗೆ ಸವೆದಿತ್ತು. ಅದರ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಚಿನ್ನದ ಬಣ್ಣದ ಪುಡಿ. ಸುದ್ದಗುಂಟೆಪಾಳ್ಯದ ಅವರ ಮೂರಂತಸ್ತಿನ ಮನೆಯಲ್ಲಿ ಬಾಡಿಗೆಗೆ ಕೋಣೆ ನೋಡಲು ಹೋದ ದಿನ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದಾಗ ಆ ಪುಡಿ ನನಗೂ ಹತ್ತಿತು. ಹಳೇ ಕುಳ, ಒಂದು ಕಾಲಕ್ಕೆ ಹೊಲಗದ್ದೆ ಇದ್ದವರು ಅಂತ ಬ್ರೋಕರ್ ಹೇಳಿದ್ದ. ಮೈಮೇಲಿನ ಬಂಗಾರ ಉದುರುವಷ್ಟು ಶ್ರೀಮಂತರೇನೋ ಅಂದುಕೊಂಡೆ. ಪುಡಿ ಉದುರುತ್ತಿದ್ದದ್ದು ಹಳೆಯ ಮದುವೆ ಕಾರ್ಡುಗಳಿಂದ ಅಂತ ಆ ವಾರವೇ ಗೊತ್ತಾಯಿತು.

ನಮ್ಮ ಬಾಗಲಕೋಟೆ ಕಡೆ ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಏನಾಯಿತು ಅಂತ ನಾನಂತೂ ಯೋಚಿಸಿದವಳಲ್ಲ. ಕಿಟಕಿಯ ಸರಳಿಗೆ ಸಿಕ್ಕಿಸಿದ್ದು ಬಿಸಿಲಿಗೆ ಬೆಳ್ಳಗಾಗಿ ಎಲ್ಲೋ ಬೀಳುತ್ತಿತ್ತು. ಆಂಟಿಯ ಬೀದಿಯಲ್ಲಿ ಮಾತ್ರ ಅದೊಂದು ದೊಡ್ಡ ಪೇಚು. ಮೂಲೆಗಳಿಗೆ ಅರಿಶಿನ ಹಚ್ಚಿದ ಕಾರ್ಡು, ಮೇಲೆ ಗಣಪತಿಯೋ ವೆಂಕಟರಮಣನೋ ಕೂತಿರುತ್ತಾನೆ. ಕಸಕ್ಕೆ ಹಾಕುವಂತಿಲ್ಲ, ತುಳಿಯುವಂತಿಲ್ಲ, ಸುಡುವಂತೆಯೂ ಇಲ್ಲ. ಹೀಗಾಗಿ ಹೆಂಗಸರೆಲ್ಲ ಚೀಲ ತುಂಬಿಸಿ ತಂದು ಆಂಟಿಯ ಬಾಗಿಲಲ್ಲಿ ಇಟ್ಟು, "ನೀವೇ ಏನಾದ್ರೂ ಮಾಡ್ಕೊಳಿ ಆಂಟಿ, ಆ ಪಾಪ ನಮಗ್ ಬೇಡ" ಅಂತ ಕೈ ತೊಳೆದುಕೊಳ್ಳುತ್ತಿದ್ದರು.

ಆಂಟಿ ಆ ಕಾರ್ಡುಗಳಿಂದ ಡಬ್ಬಿ ಮಾಡುತ್ತಿದ್ದರು. ಅಂಗೈಯಲ್ಲಿ ಕೂರುವ ಚೌಕದ ಡಬ್ಬಿ, ಮೇಲೊಂದು ಮುಚ್ಚಳ. ಗೋಂದು ಇಲ್ಲ, ಪಿನ್ನು ಇಲ್ಲ. ಕಾರ್ಡನ್ನು ಚೌಕವಾಗಿ ಕತ್ತರಿಸಿ, ನಾಲ್ಕೂ ಮೂಲೆಯನ್ನು ನಡುವಿಗೆ ಮಡಚಿ, ಆ ಉಗುರಿನಿಂದ ಜರ್ ಅಂತ ಗೆರೆ ಎಳೆದು, ಬಿಡಿಸಿ, ಮತ್ತೆ ಮಡಚಿ ಒಂದು ತಿರುವು ಕೊಟ್ಟರೆ ನಾಲ್ಕು ಗೋಡೆ ಎದ್ದು ನಿಲ್ಲುತ್ತಿದ್ದವು. ಅದರಲ್ಲಿ ಒಂದು ಕುಂಕುಮದ ಭರಣಿ, ಬಟ್ಟಲಡಿಕೆ, ಒಂದು ಬರ್ಫಿ ಹಿಡಿಯುತ್ತಿತ್ತು. ಸೀಮಂತ, ನಾಮಕರಣ, ಗೃಹಪ್ರವೇಶ, ಗೌರಿಹಬ್ಬ, ಯಾರ ಮನೆಯಲ್ಲಿ ಏನೇ ಇದ್ದರೂ ಬಂದ ಮುತ್ತೈದೆಯರ ಕೈಗೆ ಕೊಡಲು ಆಂಟಿಯ ಡಬ್ಬಿಗಳೇ ಆಗಬೇಕು.

ಆಂಟಿ ಮುತ್ತೈದೆಯಾಗಿರಲಿಲ್ಲ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅರಿಶಿನ ಕುಂಕುಮದ ಸಾಲಿನಲ್ಲಿ ಅವರನ್ನು ಯಾರೂ ಕೂರಿಸುತ್ತಿರಲಿಲ್ಲ. ಬೇಡ ಅಂತ ಬಾಯಿಬಿಟ್ಟು ಹೇಳುವವರೂ ಇರಲಿಲ್ಲ. "ಆಂಟಿ, ನೀವು ಅಡುಗೆ ಕಡೆ ಒಂಚೂರು ನೋಡ್ಕೊಳಿ" ಅನ್ನುವರು, ಅಷ್ಟೆ. ನನಗೆ ಸಿಟ್ಟು ಬೇಗ. ಒಂದು ಸಲ ರೇಗಿ ಕೇಳಿಯೇಬಿಟ್ಟೆ, "ನಿಮ್ಮ ಡಬ್ಬಿ ಬೇಕು, ನೀವು ಬ್ಯಾಡೇನ್ರಿ ಇವರಿಗೆ?"

"ಡಬ್ಬಿ ಹೋಯ್ತಲ್ಲ ಒಳಗೆ, ಅದು ನಾನೇ ಹೋದಂಗೆ ಬಿಡು," ಅಂದರು. ಅಂದು, ಮುಂದಿನ ಕಾರ್ಡು ಕೈಗೆತ್ತಿಕೊಂಡರು.

ಆ ಡಬ್ಬಿಗಳಿಗೆ ಅವರದೇ ಆದ ಕಟ್ಟಳೆಗಳಿದ್ದವು. ದೇವರು ಮುಚ್ಚಳದ ಮೇಲೆ ಬರಬೇಕು. ಗಂಡು ಹೆಣ್ಣಿನ ಹೆಸರು ಮುಚ್ಚಳದ ಒಳಗೆ, ಪೂರ್ತಿಯಾಗಿ, ಒಂದು ಅಕ್ಷರವೂ ಕತ್ತರಿಗೆ ಸಿಗದ ಹಾಗೆ ಬರಬೇಕು. ಹೆಸರು ಉದ್ದವಿದ್ದರೆ ಡಬ್ಬಿ ದೊಡ್ಡದಾಗುತ್ತಿತ್ತು, ಗಿಡ್ಡವಿದ್ದರೆ ಚಿಕ್ಕದು. ಒಂದೇ ಸಮಾರಂಭಕ್ಕೆ ಕೊಟ್ಟ ಡಬ್ಬಿಗಳಲ್ಲೂ ಎರಡು ಒಂದೇ ಅಳತೆಗೆ ಇರುತ್ತಿರಲಿಲ್ಲ.

"ಲಗ್ನ ಆಗಿ ಎಷ್ಟೋ ವರ್ಷ ಆತು. ಈಗ ಹೆಸರಿನ ಮ್ಯಾಲೆ ಕತ್ರಿ ಹಾಕಿದ್ರ ಏನಾಗತೈತ್ರಿ?" ಅಂತ ನಾನು ಕೆಣಕಿದ್ದೆ.

"ನಿಮ್ಮೂರ್ ಕಡೆ ಏನೂ ಆಗಲ್ವೇನೋ. ಚೆನ್ನಾಗ್ ಬಾಳ್ಲಿ ಅಂತ ಅಚ್ಚು ಹಾಕ್ಸಿರ್ತಾರೆ ಕಣಮ್ಮ, ಹೆಂಗ್ ಹಾಕ್ಲಿ ಕತ್ರಿ?"

ಮಡಚುವ ಮುಂಚೆ ಪ್ರತಿ ಕಾರ್ಡನ್ನೂ ಅವರು ಓದುತ್ತಿದ್ದರು. ಬೇಗೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಓದು. ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ, ಹೆಸರು, ತಂದೆ ತಾಯಿ, ಊರು, ಮುಹೂರ್ತ, ಛತ್ರ ಎಲ್ಲ ಓದುವರು. ಓದಿದ ಮೇಲೆ ಆ ಸಂಸಾರದ ಇಡೀ ಕತೆ ಹೊರಬರುತ್ತಿತ್ತು. "ಈ ಹುಡ್ಗ ನಮ್ ಬೇಗೂರೋನು. ಚಿಕ್ಕೋನಿದ್ದಾಗ ಕೆರೇಲಿ ಬಿದ್ದಿದ್ದ, ನಮ್ಮಪ್ಪನೇ ಎತ್ತಿದ್ದು. ಈಗ ನೋಡು, ಅವನಿಗೂ ಮದುವೆ, ಸೂಟು ಬೇರೆ ಹಾಕಿದ್ದಾನಂತೆ." ಇಂಗ್ಲಿಷ್ ಕಾರ್ಡು ಬಂದರೆ ನನ್ನ ಕಡೆ ಚಾಚಿ, "ಇವರ್ ಯಾವ ದೇಶದೋರು, ಓದು" ಅನ್ನುವರು. ನಾನು ಓದಿದರೆ ಪಕ್ಕದ ಬೀದಿಯ ಹಾಲಿನ ಬೂತಿನವರ ಮಗನಾಗಿರುತ್ತಿದ್ದ. ಆಂಟಿ ನಕ್ಕು ನಕ್ಕು ಸುಸ್ತಾಗುವರು.

ನಮ್ಮ ಕಂಪನಿ ಹೆಸರು ಬದಲಾಯಿಸಿಕೊಂಡಾಗ ಹಳೆಯ ಲೆಟರ್‌ಹೆಡ್ಡು, ಫೈಲಿನ ರಟ್ಟು, ಕವರುಗಳನ್ನೆಲ್ಲ ಎಸೆಯಲು ರಾಶಿ ಹಾಕಿದ್ದರು. ಒಂದು ಬ್ಯಾಗು ತುಂಬಿಸಿ ತಂದುಕೊಟ್ಟೆ. ಆಂಟಿ ಒಂದು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಲ್ಲಿ ದೇವ್ರೂ ಇಲ್ಲ, ಮನುಷ್ಯರೂ ಇಲ್ಲ, ಬರೀ ಫೋನ್ ನಂಬ್ರು. ಇದನ್ನ ಕೆಳಗ್ ಹಾಕಣ" ಅಂದರು. ಅಲ್ಲಿಂದ ಮುಂದೆ ಮುಚ್ಚಳ ಮದುವೆ ಕಾರ್ಡಿನದು, ತಳ ನಮ್ಮ ಆಫೀಸಿನದು. ನಮ್ಮ ಮ್ಯಾನೇಜರ್ ಸಾಹೇಬರ ವಿಳಾಸದ ಮೇಲೆ ಬರ್ಫಿ ಕೂರುವುದು ನೋಡಿ ನನಗೆ ಒಳಗೊಳಗೇ ಖುಷಿ.

ಭಾನುವಾರ ಮಧ್ಯಾಹ್ನ ಅವರ ಪಕ್ಕ ಕೂತು ನಾನೂ ಮಡಚುತ್ತಿದ್ದೆ. ಊರು ಬಿಟ್ಟು ಬಂದು, ಬಾಡಿಗೆಯ ಒಂಟಿ ಕೋಣೆಯಲ್ಲಿ ಗೋಡೆ ನೋಡಿಕೊಂಡು ಇರಬೇಕಾದವಳಿಗೆ ಆ ಮಧ್ಯಾಹ್ನಗಳು ಏನು ಕೊಟ್ಟವು ಅಂತ ಹೇಳುವುದು ಕಷ್ಟ. ನನ್ನ ಡಬ್ಬಿಗಳು ಸೊಟ್ಟ ಬರುತ್ತಿದ್ದವು. ಅವನ್ನು ಆಂಟಿ ಬಿಸಾಡದೆ, ನನ್ನ ಕಣ್ಣೆದುರಲ್ಲೇ ಬಿಡಿಸಿ, ಮತ್ತೆ ಮಡಚಿ, "ನೋಡು, ನೀನೇ ಮಾಡಿದ್ದು" ಅಂತ ಕೊಡುತ್ತಿದ್ದರು.

ಅವರು ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳಲು ಶುರುಮಾಡಿದ್ದು ಯಾವಾಗಿನಿಂದ ಅಂತ ನನಗೆ ಗೊತ್ತಿಲ್ಲ. ಪಕ್ಕದಲ್ಲಿಟ್ಟ ಕಾಫಿ ಲೋಟ ಉರುಳುವುದು, ಮೆಟ್ಟಿಲ ತುದಿ ತಪ್ಪುವುದು, ಪಕ್ಕದಿಂದ ಹೋದರೆ ಬೆಚ್ಚಿ ಬೀಳುವುದು. "ಕನ್ನಡಕ ಹಳೇದಾಯ್ತು" ಅಂತ ಅವರೇ ತೀರ್ಮಾನ ಮಾಡಿ ಎರಡು ಸಲ ಗಾಜು ಬದಲಾಯಿಸಿದ್ದರು. ಕೊನೆಗೆ ಕಾರ್ಡನ್ನು ಮೂಗಿಗೆ ತಾಗಿಸಿಕೊಂಡು ಓದುವುದನ್ನು ಕಂಡು ಅವರ ಸೊಸೆ ಹೆದರಿದಳು. ನಾನು ಅಕ್ಕ ಅಂತ ಕರೆಯುತ್ತಿದ್ದವಳು, ಒಳ್ಳೆಯ ಹೆಂಗಸು. ಅವಳೂ ನಾನೂ ಸೇರಿ ಆಂಟಿಯನ್ನು ಜಯನಗರದ ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ನಡುವೆ ಒಂದಿಷ್ಟು ಉಳಿದಿದೆ ಅಂದಳು. ಗ್ಲುಕೋಮಾ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುತ್ತ ಬಂದಿದೆ, ನೋವಿಲ್ಲದ್ದರಿಂದ ಯಾರಿಗೂ ಗೊತ್ತಾಗಿಲ್ಲ.

"ಆಪರೇಷನ್ ಮಾಡಿದ್ರೆ ವಾಪಸ್ ಬರತ್ತಾ ಮೇಡಂ?" ಸೊಸೆ ಕೇಳಿದಳು.

"ಹೋಗಿರೋದು ಬರಲ್ಲಮ್ಮ. ಡ್ರಾಪ್ಸ್ ಹಾಕಿ, ಇರೋದನ್ನ ಎಷ್ಟು ದಿನ ಆಗುತ್ತೋ ಅಷ್ಟು ದಿನ ಉಳಿಸ್ಕೊಳ್ಳೋಣ. ಬೇಗ ಬಂದಿದ್ರೆ..." ಅಂತ ಅಲ್ಲಿಗೇ ನಿಲ್ಲಿಸಿದಳು.

ವಾಪಸ್ ಬರುವಾಗ ಆಟೋದಲ್ಲಿ ಆಂಟಿ ನಮ್ಮಿಬ್ಬರ ನಡುವೆ ಕೂತಿದ್ದರು. ಬನಶಂಕರಿ ಕಡೆಯಿಂದ ಬರುವ ಬಸ್ಸುಗಳ ಹಾರ್ನು ಕಿವಿ ಕಿತ್ತುಹೋಗುವ ಹಾಗಿತ್ತು. ಅದರ ನಡುವೆ ಅವರು ಹೇಳಿದ್ದು ಸೊಸೆಗೆ ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿತು. "ಎಲ್ಲಾ ಕಾಣ್ಬೇಕು ಅಂತ ಕೇಳಲ್ಲ. ಆ ಹೆಸರು ಓದೋಷ್ಟು ಇದ್ರೆ ಸಾಕಿತ್ತು."

ಅವರ ಕೈ ಹಿಡಿದುಕೊಂಡೆ. ಅದು ಬಿಟ್ಟು ಮಾಡುವುದಕ್ಕೆ ಏನೂ ಇರಲಿಲ್ಲ.

ಡ್ರಾಪ್ಸ್ ಹಾಕುವ ಕೆಲಸ ಸೊಸೆಯದು. ತಪ್ಪದೆ ಹಾಕಿದಳು. ಆದರೂ ಉಳಿದದ್ದು ದಿನಾ ಒಂದಿಷ್ಟು ಕಮ್ಮಿಯಾಗುತ್ತ ಹೋಯಿತು. ಆಂಟಿ ಬಿಸಿಲಿಗಾಗಿ ಟೆರೇಸಿನ ಮೇಲೆ ಕೂರಲು ಶುರುಮಾಡಿದರು. ನಾನು ಹೋದಾಗ ಕಾರ್ಡಿನ ಮೇಲೆ ಬೆರಳಿಟ್ಟು ಎಂದಿನಂತೆ ಓದುತ್ತಿದ್ದರು. ಒಂದೆರಡು ಹೆಸರುಗಳನ್ನು ಆ ಹಿಂದೆ ಯಾವುದೋ ಕಾರ್ಡಿನಲ್ಲಿ ಕೇಳಿದ ಹಾಗೆ ಅನಿಸಿತು, ಅಷ್ಟೆ. ಅಕ್ಷರ ಕಾಣುವುದು ಯಾವಾಗಲೋ ನಿಂತಿತ್ತು, ನೆನಪಿನಿಂದ ಓದುತ್ತಿದ್ದರು ಅಂತ ಯಾರಿಗೆ ಹೊಳೆಯಬೇಕು?

ಆ ಹೊತ್ತಿಗೆ ಬೇಗೂರಿನಲ್ಲಿದ್ದ ಅವರ ತಮ್ಮನ ಮಗಳಿಗೆ ಸೀಮಂತ ನಿಗದಿಯಾಯಿತು. ಆಂಟಿ ಎತ್ತಿ ಆಡಿಸಿದ ಹುಡುಗಿ. "ಅತ್ತೆ, ನಿನ್ನ ಡಬ್ಬೀನೇ ಬೇಕು" ಅಂತ ಫೋನು ಮಾಡಿದ್ದಳು. ಆಂಟಿ ದಿನವೆಲ್ಲ ಕೂತು ಮಾಡಿದರು. ಮಡಿಕೆ ಒಂದೂ ತಪ್ಪಿರಲಿಲ್ಲ. ದೇವರು ಎಲ್ಲದರಲ್ಲೂ ಮೇಲೇ ಇದ್ದ. ಅಷ್ಟು ಮಾತ್ರ ಅವರ ಕಣ್ಣಿಗೆ ಇನ್ನೂ ಕಾಣುತ್ತಿತ್ತು.

ನಾನೂ ಜೊತೆಗೆ ಹೋಗಿದ್ದೆ. ನಾಗೇಶ್ವರ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲೇ ಮನೆ. ಬಾಗಿಲ ತನಕ ಚಪ್ಪರ, ಒಳಗೆ ಹಸಿರು ಬಳೆಗಳ ಸದ್ದು. ಆಂಟಿ ಅಡುಗೆ ಕಡೆ ಸ್ಟೂಲಿನ ಮೇಲೆ ಕೂತು, ಕಿವಿ ಮಾತ್ರ ನಡುಮನೆಯ ಕಡೆ ಇಟ್ಟಿದ್ದರು. ನಾನು ಒಳಗೆ ನಿಂತು ಡಬ್ಬಿಗಳ ತಟ್ಟೆ ಹಿಡಿದಿದ್ದೆ. ಬಸುರಿ ಹುಡುಗಿ ಒಂದೊಂದಾಗಿ ಎತ್ತಿ ಕೊಡುತ್ತಿದ್ದಳು. ಅವಳ ಗಂಡನ ತಾಯಿಯ ಅಕ್ಕ ಡಬ್ಬಿ ತೆಗೆದುಕೊಂಡು, ಮುಚ್ಚಳ ಚೆನ್ನಾಗಿದೆ ಅಂತ ತೆಗೆದು ಒಳಗೆ ನೋಡಿದರು. ಮುಖ ಬಿಳಿಚಿಕೊಂಡಿತು. ಅದನ್ನು ನನ್ನ ತಟ್ಟೆಯ ಮೇಲೆ ಬೋರಲು ಇಟ್ಟರು.

ನಾನು ತಿರುಗಿಸಿ ನೋಡಿದೆ. ಮುಚ್ಚಳದ ಒಳಗೆ, ಒಂದು ಅಕ್ಷರವೂ ಕತ್ತರಿಗೆ ಸಿಗದ ಹಾಗೆ, ವೈಕುಂಠ ಸಮಾರಾಧನೆ ಅಂತ ಅಚ್ಚಾಗಿತ್ತು. ಕೆಳಗೆ ತೀರಿಕೊಂಡವರ ಹೆಸರು.

ಸಾವಿನ ಊಟದ ಕಾರ್ಡನ್ನು ಇಲ್ಲಿ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಓದಿ, ಹರಿದು, ಹೊರಗೆ ಹಾಕುತ್ತಾರೆ. ಮೊದಲೆಲ್ಲ ಅದು ತೆಳ್ಳನೆಯ ಹಾಳೆ, ಕೈಗೆ ಸಿಕ್ಕಿದ ಕೂಡಲೇ ಗೊತ್ತಾಗುತ್ತಿತ್ತಂತೆ. ಈಗ ಜಾಗ ಮಾರಿ ದುಡ್ಡು ಕಂಡವರು ಸಾವಿಗೂ ಮದುವೆಯಷ್ಟೇ ದಪ್ಪ ಕಾರ್ಡು, ಮಿರುಗುವ ಅಂಚು, ಮೇಲೆ ವೆಂಕಟರಮಣ ಹಾಕಿಸುತ್ತಾರೆ. ಯಾರೋ ಪುಣ್ಯಾತ್ಗಿತ್ತಿ ಹರಿಯಲು ಸೋಮಾರಿತನ ಮಾಡಿ ಮದುವೆ ಕಾರ್ಡುಗಳ ಜೊತೆ ಚೀಲಕ್ಕೆ ತುರುಕಿದ್ದಳು. ಕಣ್ಣಿದ್ದಾಗ ಆಂಟಿ ಅದನ್ನು ಮೊದಲ ನೋಟಕ್ಕೇ ಎತ್ತಿ ಆಚೆ ಇಡುತ್ತಿದ್ದರು.

ಜಗಳವೇನೂ ಆಗಲಿಲ್ಲ. ಆಗಿದ್ದರೆ ನಾನಾದರೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಡಬ್ಬಿಗಳನ್ನೆಲ್ಲ ಸದ್ದಿಲ್ಲದೆ ವಾಪಸ್ ತೆಗೆದುಕೊಂಡರು. ಯಾರೋ ಓಡಿಹೋಗಿ ಅಂಗಡಿಯಿಂದ ಪ್ಲಾಸ್ಟಿಕ್ ಕವರು ತಂದರು, ತಾಂಬೂಲ ಅದರಲ್ಲಿ ಹೋಯಿತು. ಬಸುರಿ ಹುಡುಗಿಯ ಕಣ್ಣಲ್ಲಿ ನೀರಿತ್ತು. ಹೆದರಿ ಅತ್ತಳೋ, ಆಂಟಿಗಾಗಿ ಅತ್ತಳೋ, ನಾನು ಕೇಳಲಿಲ್ಲ. ತಿಂಗಳು ತುಂಬಿದ ಮೇಲೆ ಅವಳಿಗೆ ಸುಖವಾಗಿ ಹೆರಿಗೆಯಾಯಿತು, ಮಗು ಗುಂಡುಗುಂಡಾಗಿದೆ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದರಿಂದ ಏನೂ ಬದಲಾಗಲಿಲ್ಲ.

ಮನೆಗೆ ಬಂದ ಮೇಲೆ ಆಂಟಿ ನನ್ನನ್ನು ಕೂರಿಸಿಕೊಂಡು ಕೇಳಿದರು. "ಯಾರ್ ಹೆಸರಿತ್ತಮ್ಮ ಅದ್ರಲ್ಲಿ?"

ಹೇಳಿದೆ. ಬಿಳೇಕಹಳ್ಳಿಯ ಒಬ್ಬ ಹಿರಿಯರ ಹೆಸರು.

"ಅಯ್ಯೋ, ಅವರ್ ಹೋದ್ರಾ?" ಅಂದರು. "ನಮ್ಮ ಮದುವೇಲಿ ಬಡಿಸಿದ್ದೋರು ಅವರು. ನಂಗ್ಯಾರೂ ಹೇಳ್ಲೇ ಇಲ್ಲ" ಅಂದರು. ಆಮೇಲೆ ಅತ್ತರು. ಆ ಸಾವಿಗೋ, ಆ ದಿನದ ಅವಮಾನಕ್ಕೋ, ಎರಡೂ ಬೇರೆ ಮಾಡಲಾಗದಂತೆ ಅತ್ತರು.

ಆ ವಾರವೇ ಸೊಸೆ ಕಾರ್ಡಿನ ಚೀಲಗಳನ್ನೆಲ್ಲ ಹೊತ್ತುಕೊಂಡು ಹೋಗಿ ಅರಳಿಕಟ್ಟೆಯ ಬುಡದಲ್ಲಿ, ಜನ ಹಳೆಯ ದೇವರ ಫೋಟೋ ಬಿಟ್ಟುಹೋಗುವ ಜಾಗದಲ್ಲಿ ಇಟ್ಟು ಬಂದಳು. ಹೊರಡುವಾಗ ನಾನು ಅಡ್ಡ ನಿಂತಿದ್ದೆ. "ನಾ ಒಂದೊಂದೂ ಓದಿ ಆರಿಸಿ ಕೊಡ್ತೀನಕ್ಕ, ತಪ್ಪಾಗೂದಿಲ್ಲ" ಅಂದೆ.

"ನೀನು ಸಿಗೋದು ಭಾನುವಾರ. ಮಿಕ್ಕಿದ್ ದಿನ ನಾನು ಕೆಲಸಕ್ಕೆ ಹೋಗ್ಬೇಕಲ್ಲಮ್ಮ. ಇನ್ನೊಂದ್ ಸಲ ಹಿಂಗಾದ್ರೆ ಅತ್ತೆನ ಯಾರೂ ಹತ್ರಕ್ಕೂ ಸೇರ್ಸಲ್ಲ. ನಂಗೇನು ಅವರ ಮೇಲೆ ಕೋಪಾನಾ?" ಅನ್ನುತ್ತ ಇನ್ನೊಂದು ಚೀಲ ಎತ್ತಿಕೊಂಡಳು. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನ ಕೈಲಾಗಲಿಲ್ಲ.

ಹೇಗೂ ಚೀಲಗಳು ಹೊಸದಾಗಿ ಬರುವುದು ನಿಂತುಹೋಯಿತು. ಡಬ್ಬಿ ಕೇಳಿ ಬರುವವರೂ ನಿಂತರು. ಆಂಟಿ ಬರಿಗೈಯಲ್ಲಿ ಕೂರಲು ಶುರುಮಾಡಿದರು. ಸೀರೆಯ ಸೆರಗನ್ನೇ ಮಡಚುವರು, ಉಗುರಿನಿಂದ ಗೆರೆ ಎಳೆಯುವರು, ಬಿಡಿಸುವರು. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುವರು. ಅಷ್ಟರಲ್ಲಿ ನನ್ನ ಆಫೀಸು ಬನ್ನೇರುಘಟ್ಟ ರಸ್ತೆಗೆ ಹೋಗಿ ನಾನೂ ಬಿಳೇಕಹಳ್ಳಿಗೆ ಮನೆ ಬದಲಾಯಿಸಬೇಕಾಯಿತು. ಹೋಗಿಬಂದು ಮಾಡುತ್ತಿದ್ದೆ, ಆದರೆ ಮೊದಲಿನಷ್ಟು ಅಲ್ಲ.

ಒಂದು ಸಲ ಹೋದಾಗ ಆಂಟಿ ಮತ್ತೆ ಡಬ್ಬಿ ಮಡಚುತ್ತಿದ್ದರು. ನನಗೆ ಜೀವ ಬಂದ ಹಾಗಾಯಿತು. ಸೊಸೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. ಕಾರ್ಡು ಅಚ್ಚು ಹಾಕುವ ಅಂಗಡಿಯಿಂದ ಏನೂ ಅಚ್ಚಾಗದ ದಪ್ಪ ಹಾಳೆ ತಂದಿದ್ದಳಂತೆ. ಅಟ್ಟದ ಮೇಲೆ ಹಳೆಯ ಮದುವೆ ಕಾರ್ಡಿನ ಚೀಲ ಒಂದು ಉಳಿದಿತ್ತು ಅಂತ ಅತ್ತೆಗೆ ಹೇಳಿದ್ದಳಂತೆ. ಅತ್ತೆ "ಇದು ಯಾರ್ದು?" ಅಂತ ಕೇಳಿದರೆ ಬಾಯಿಗೆ ಬಂದ ಹೆಸರು ಹೇಳುವುದು. "ಊಟ ಮಾಡ್ತಿದಾರೆ ಕಣಮ್ಮ. ಸುಳ್ಳಾದ್ರೂ ಸರಿ. ನೀನೂ ಹಂಗೇ ಹೇಳ್ಬಿಡು, ಆಯ್ತಾ?" ಆಯ್ತು ಅಂದೆ.

ಅವಳು ಸಂತೆಗೆ ಹೋದಳು. ನಾನು ಆಂಟಿಯ ಪಕ್ಕ ಕೂತೆ. ಆಗ ಅವರಿಗೆ ಬೆಳಕು ಕತ್ತಲೆಯ ವ್ಯತ್ಯಾಸ ಮಾತ್ರ ತಿಳಿಯುತ್ತಿತ್ತು. ಒಂದು ಹಾಳೆ ಎತ್ತಿ ನನ್ನ ಕಡೆ ಚಾಚಿದರು.

"ಓದು, ಯಾರ್ದು ಮದುವೆ?"

ಬಿಳೀ ಹಾಳೆ. ನಾನು ಗಂಟಲು ಸರಿ ಮಾಡಿಕೊಂಡು ಒಂದು ಹುಡುಗನ ಹೆಸರು, ಒಂದು ಹುಡುಗಿಯ ಹೆಸರು ಹೇಳಿದೆ. ತಂದೆ ತಾಯಿ ಹೇಳಿದೆ. ಮುಹೂರ್ತ ಹೇಳಿದೆ.

"ಛತ್ರ?"

ಜೆ.ಪಿ. ನಗರದ ಕಡೆಯ ಒಂದು ಛತ್ರದ ಹೆಸರು ಹೇಳಿದೆ.

"ಸದ್ಯ. ನೀನು ಬೇರೆ ಛತ್ರ ಹೇಳ್ದೆ," ಅಂತ ಆಂಟಿ ನಕ್ಕರು. "ಅವಳು ದಿನಾ ಹೊಸಾ ಮದುವೆ ಮಾಡ್ತಾಳೆ ಪಾಪ. ಹೆಸರು ಬದಲಾಯಿಸ್ತಾಳೆ, ಛತ್ರ ಬದಲಾಯಿಸೋದ್ ಮರೀತಾಳೆ. ಎಲ್ಲರ್ ಮದುವೇನೂ ಒಂದೇ ಛತ್ರದಲ್ಲಿ."

ನಾನು ಹಾಳೆಯನ್ನು ಅವರ ಕೈಗೆ ವಾಪಸ್ ಕೊಟ್ಟೆ.

"ಇಷ್ಟು ವರ್ಷ ಮುಟ್ಟಿದೀನಿ, ಅಕ್ಷರ ಇರೋ ಕಾರ್ಡು ಯಾವ್ದು, ಇಲ್ದಿರೋದ್ ಯಾವ್ದು ಅಂತ ಕೈಗೆ ಗೊತ್ತಾಗಲ್ವಾ? ಅರಿಶಿನದ್ ವಾಸ್ನೇನೂ ಇಲ್ಲ."

"ಮತ್ಯಾಕ್ರೀ ಆಂಟಿ ಮಡಚಾಕತ್ತೀರಿ?"

"ನಾನು ಮಡಚ್ತಾ ಕೂತ್ರೆ ಅವಳು ನೆಮ್ಮದಿಯಾಗಿ ಕೆಲಸಕ್ ಹೋಗ್ತಾಳೆ. ಇಲ್ದಿದ್ರೆ ಬಾಗಿಲಲ್ಲೇ ನಿಂತ್ಕೊಂಡು ಅಳ್ತಾಳೆ, ಕೇಳಿಸುತ್ತೆ ನಂಗೆ." ಹಾಳೆಯ ಮೂಲೆಯನ್ನು ನಡುವಿಗೆ ತಂದು ಉಗುರಿನಿಂದ ಗೆರೆ ಎಳೆದರು. "ಹೇಳ್ಬೇಡ ಅವಳಿಗೆ. ನಂಗೆ ಗೊತ್ತು ಅಂತ ಗೊತ್ತಾದ್ರೆ ಅವಳ ಕೈಲಿ ಇನ್ನೇನಿರತ್ತೆ ಮಾಡೋಕೆ?"

ಸೊಸೆ ಬಂದಳು. ಸೊಪ್ಪಿನ ಚೀಲ ಕೆಳಗಿಟ್ಟು, ಆಂಟಿಯ ಮುಂದಿದ್ದ ಬಿಳೀ ಡಬ್ಬಿಗಳನ್ನು ನೋಡಿ, "ಅತ್ತೆ, ಸಖತ್ತಾಗಿ ಬಂದಿದೆ, ದೇವರ ಚಿತ್ರ ಕರೆಕ್ಟಾಗಿ ಮೇಲೆ ಕೂತಿದೆ" ಅಂದಳು. ಆಂಟಿ ಮುಖ ಅರಳಿಸಿ, "ಹೌದಾ? ಇದು ಯಾರ್ದಮ್ಮ, ಓದು" ಅಂತ ಇನ್ನೊಂದು ಹಾಳೆ ಅವಳ ಕಡೆ ಚಾಚಿದರು. ಸೊಸೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಓದತೊಡಗಿದಳು. ನಾನು ಎದ್ದು ನೀರು ಕುಡಿಯುವ ನೆವದಲ್ಲಿ ಒಳಗೆ ಹೋದೆ.

ಮುಂದಿನ ಆಷಾಢದಲ್ಲಿ ಆಂಟಿಗೆ ಜ್ವರ ಬಂತು. ನ್ಯುಮೋನಿಯಾ ಅಂದರು. ವಾರದೊಳಗೆ ಹೋಗಿಬಿಟ್ಟರು. ನನಗೆ ಈ ಊರಿನಲ್ಲಿ ಒಂದು ಮನೆ ಅಂತ ಇದ್ದದ್ದು ಅವರಿಂದ. ಅದಕ್ಕೆ ಪ್ರತಿಯಾಗಿ ನಾನು ಅವರಿಗೆ ಮಾಡಿದ್ದು ಒಂದು ಸುಳ್ಳು ಮದುವೆ. ಕಣ್ಣು ಉಳಿಸಲಾಗಲಿಲ್ಲ, ಚೀಲ ಉಳಿಸಲಾಗಲಿಲ್ಲ, ಅವರನ್ನು ಒಂದು ದಿನವಾದರೂ ಆ ಸಾಲಿನಲ್ಲಿ ಕೂರಿಸಲಾಗಲಿಲ್ಲ.

ಕಾರ್ಯವೆಲ್ಲ ಮುಗಿದು, ನೆಂಟರು ಹೊರಟ ಮೇಲೆ ಸೊಸೆ ನನ್ನನ್ನು ಬೀಳ್ಕೊಡಲು ಗೇಟಿನವರೆಗೆ ಬಂದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಗೇಟಿನ ಚಿಲಕ ಹಿಡಿದು ನಿಂತು, ಯಾರಿಗೋ ಹೇಳಲೇಬೇಕು ಅನ್ನುವ ಹಾಗೆ ಹೇಳಿದಳು.

"ಒಂದೇ ಸಮಾಧಾನ ಕಣಮ್ಮ. ಕೊನೇವರೆಗೂ ಅವರಿಗೆ ಗೊತ್ತಾಗ್ಲಿಲ್ಲ. ಮದುವೆ ಕಾರ್ಡೇ ಅಂದ್ಕೊಂಡು ಮಡಚಿದ್ರು. ಅಲ್ವಾ?"

"ಹೌದಕ್ಕ," ಅಂದೆ. "ಗೊತ್ತಾಗ್ಲೇ ಇಲ್ಲ."